ತೊಳೆದ ಈರುಳ್ಳಿ

ನಮ್ಮ ಮನೆಯೊಳಕ್ಕೆ ಮೊಟ್ಟಮೊದಲು ಈರುಳ್ಳಿ ತಂದವರು ಯಾರು ಎಂದು ನನ್ನ ತಂಗಿಯರು ಇವತ್ತಿಗೂ ಕೇಳುತ್ತಾರೆ. ಬೇರೆ ಜಾತಿಯ ಸೊಸೆ ಬಂದಳಲ್ಲ, ಅವಳೇ ಇರಬೇಕು ಎಂದು ಅವರ ಎಣಿಕೆ. ಅಲ್ಲ. ತಂದವಳು ನಾನೇ, ಪುಟ್ಟಲಕ್ಷ್ಮಿ. ಕೈಯಾರೆ ಆರಿಸಿ ತಂದೆ, ಅದೂ ಒಂದಲ್ಲ ಎರಡಲ್ಲ, ಐದು ಕಿಲೋ. ತಂದ ಮೇಲೆ ನಾನು ಮಾಡಿದ ಘನಕಾರ್ಯ ಗೊತ್ತಾದರೆ ಅವರು ನನ್ನನ್ನು ಜಾತಿಯಿಂದಲ್ಲ, ಅಡುಗೆಮನೆಯಿಂದಲೇ ಹೊರಗೆ ಹಾಕುತ್ತಾರೆ.

ಇದು ಎಪ್ಪತ್ನಾಲ್ಕನೇ ಇಸವಿಯ ಮಾತು. ರಾಜಾಜಿನಗರದಲ್ಲಿ ನಮ್ಮವರು ಕಟ್ಟಿಸಿದ ಮನೆ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿದ್ದದ್ದು ನಾನು, ನನ್ನ ಒಬ್ಬನೇ ಮಗ ನಾಣಿ, ಅವನ ಹೆಂಡತಿ ಜಯದೇವಿ. ಇಬ್ಬರಿಗೂ ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಅಲ್ಲೇ ನೋಡಿಕೊಂಡು, ಅಲ್ಲೇ ಮೆಚ್ಚಿಕೊಂಡು, ಒಂದು ದಿನ ರಿಜಿಸ್ಟರ್ ಮದುವೆ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಅವಳು ದಾವಣಗೆರೆಯ ಲಿಂಗಾಯತರ ಹುಡುಗಿ. ಮಾಂಸ ಮುಟ್ಟುವವರಲ್ಲ, ಆದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಒಲೆ ಹಚ್ಚುವವರೂ ಅಲ್ಲ.

ನಾನು ಒಂದು ವಾರ ಅತ್ತು, ಎಂಟನೇ ದಿನ ಅವರನ್ನು ಮನೆಯಲ್ಲಿ ಇಟ್ಟುಕೊಂಡೆ. ಒಂದೇ ಕರಾರು, ಅಡುಗೆಮನೆ ನನ್ನದು. ನಾಣಿ ಮೊದಲಿನ ಹಾಗೆ ಒಳಗೆ ಮಣೆ ಹಾಕಿಕೊಂಡು ಉಣ್ಣುತ್ತಿದ್ದ. ಅವಳಿಗೆ ನಡುಮನೆಯಲ್ಲಿ ತಟ್ಟೆ. ನಾನು ಹೊಸಲಿನಲ್ಲಿ ನಿಂತು ಬಗ್ಗಿ ಬಡಿಸುತ್ತಿದ್ದೆ. ಮದುವೆಯಾದವರು ಇಬ್ಬರು, ಹೊರಗೆ ಕೂತವಳು ಒಬ್ಬಳು. ನನ್ನ ನ್ಯಾಯಸ್ಥಾನದಲ್ಲಿ ಮಗನಿಗೆ ಯಾವತ್ತೂ ಶಿಕ್ಷೆಯಾಗಿದ್ದಿಲ್ಲ.

ಅವಳು ಎದುರು ಮಾತಾಡಲಿಲ್ಲ. ತಿಂದು, ತಟ್ಟೆ ತೊಳೆದಿಟ್ಟು, ‘ಸಾರು ಚೆನ್ನಾಗಿತ್ತು ಅತ್ತೆ’ ಎನ್ನುತ್ತಿದ್ದಳು. ನಾನು ಅದನ್ನು ನಿಜವಾದ ಸರ್ಟಿಫಿಕೇಟು ಎಂದುಕೊಂಡು ಒಳಗೆ ಹೋಗಿ ಬೀಗುತ್ತಿದ್ದೆ. ವರ್ಷದಲ್ಲಿ ಒಂದು ದಿನವೂ ಅವಳು ಈರುಳ್ಳಿಯ ಹೆಸರೆತ್ತಲಿಲ್ಲ. ಬಿಟ್ಟುಬಿಟ್ಟಿದ್ದಾಳೆ, ನನ್ನ ಅಡುಗೆಯ ರುಚಿ ಅಂಥದ್ದು ಎಂದುಕೊಂಡಿದ್ದೆ.

ಆಮೇಲೆ ಅವಳು ಬಸುರಿಯಾದಳು. ಮೂರನೇ ತಿಂಗಳಲ್ಲಿ ಶುರುವಾದ ವಾಂತಿ ನಾಲ್ಕನೇ ತಿಂಗಳಾದರೂ ನಿಲ್ಲಲಿಲ್ಲ. ನಿಂಬೆಹಣ್ಣಿನ ಚಿತ್ರಾನ್ನ ಮಾಡಿದೆ, ಹೇರಳೆಕಾಯಿ ಗೊಜ್ಜು ಮಾಡಿದೆ, ಮೆಣಸಿನ ಸಾರು ಮಾಡಿದೆ. ಎರಡು ತುತ್ತು ತಿನ್ನುವುದು, ಬಚ್ಚಲಿಗೆ ಓಡುವುದು. ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದಳು.

ಒಂದು ಸಂಜೆ ನಾಣಿ ನನ್ನ ಹತ್ತಿರ ಬಂದು ಕೂತ. ‘ಅಮ್ಮ, ಮುಂದಿನ ವಾರ ಬಿಟ್ಟು ಅದರಾಚೆ ಶನಿವಾರ ಇವಳನ್ನ ದಾವಣಗೆರೆಗೆ ಬಿಟ್ಟು ಬರ್ತೀನಿ. ಅವರಮ್ಮ ಕಾಗದ ಬರೆದಿದಾರೆ. ಹೆರಿಗೆ ಎಲ್ಲಾ ಆಗಿ ವಾಪಸ್ ಬಂದ್ಮೇಲೆ ನಾವು ಗೋವಿಂದರಾಜನಗರದಲ್ಲಿ ಮನೆ ಮಾಡ್ತೀವಿ. ನೋಡಿಟ್ಟಿದೀನಿ. ನಿನಗೂ ನೆಮ್ಮದಿ.’

‘ಅಷ್ಟರೊಳಗೆ ಅವಳು ಊಟ ಮಾಡೋ ಹಾಗಾದ್ರೆ?’ ಎಂದೆ.

‘ಆದ್ರೆ ಯಾಕೆ ಹೋಗ್ತೀವಿ ಅಮ್ಮ. ಆಗ್ಬೇಕಲ್ಲ.’

ನಿನಗೂ ನೆಮ್ಮದಿ ಎಂದನಲ್ಲ, ಆ ಮಾತು ನನಗೆ ಚುಚ್ಚಿತು. ಊರವರು ಏನಂತಾರೆ ಎಂಬ ಭಯ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಸುರಿ ಸೊಸೆಗೆ ಎರಡು ತುತ್ತು ತಿನ್ನಿಸಲಾಗದ ಅತ್ತೆ ಎಂದು ಬೀದಿಯಲ್ಲಿ ಡಂಗುರ ಹೊಡೆಯುತ್ತಾರೆ, ಅದು ಇತ್ತು. ಆದರೆ ಅದಕ್ಕಿಂತ ಹೆಚ್ಚಿನದು ಒಂದಿತ್ತು. ದಿನಾ ಸಂಜೆ ಆರೂವರೆಗೆ ಆ ಹುಡುಗಿ ಚಪ್ಪಲಿ ಬಿಟ್ಟು, ‘ಅತ್ತೆ, ಬಂದೆ’ ಎನ್ನುತ್ತಿದ್ದಳು. ನಾನು ಉತ್ತರ ಕೊಡುತ್ತಿರಲಿಲ್ಲ. ಆದರೆ ಆ ಮಾತು ಕೇಳುವ ತನಕ ಜಪದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಇನ್ನು ಅದನ್ನು ಗೋವಿಂದರಾಜನಗರದ ಗೋಡೆಗಳು ಕೇಳುತ್ತವೆ.

ಕಾಗದ ಮೇಜಿನ ಮೇಲಿತ್ತು. ಓದಿದೆ. ಕದ್ದು ಓದಿದೆ ಎನ್ನಬೇಕು. ಜಯದೇವಿಯ ತಾಯಿ ಶಾಂತವ್ವ ಬರೆದಿದ್ದರು: ಮಗಳಿಗೆ ಈರುಳ್ಳಿ ಪಲ್ಯ ಇದ್ದರೆ ಎಂಥ ಜ್ವರದಲ್ಲೂ ಎರಡು ರೊಟ್ಟಿ ಸೇರುತ್ತದೆ, ಕಳಿಸಿಕೊಡಿ, ಹೇಗಾದರೂ ಮಾಡಿ ತಿನ್ನಿಸುತ್ತೇನೆ.

ಓಹೋ, ಇಷ್ಟೇನಾ ಎಂದುಕೊಂಡೆ. ಅವಳನ್ನು ಕೇಳಬಹುದಿತ್ತು. ಈರುಳ್ಳಿ ಬೇಕೇನೇ, ಹೇಗೆ ಮಾಡೋದು ಎಂದು ಒಂದು ಮಾತು. ಕೇಳಿದರೆ ನಾನು ಪುಟ್ಟಲಕ್ಷ್ಮಿ ಹೇಗಾದೇನು? ಸದ್ದಿಲ್ಲದೆ ತಂದು, ಸದ್ದಿಲ್ಲದೆ ಮಾಡಿ, ತಟ್ಟೆಗೆ ಬಡಿಸಿ, ಅವಳು ಬೆರಗಾಗುವುದನ್ನು ಹೊಸಲಿನಿಂದಲೇ ನೋಡಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ಬುಧವಾರ ಅವರಿಬ್ಬರೂ ಆಫೀಸಿಗೆ ಹೋದ ಮೇಲೆ ಚೀಲ ಹಿಡಿದು ಹೊರಟೆ. ನಾಲ್ಕು ಬೀದಿ ಆಚೆ ಹೊಂಗೆಮರದ ಕೆಳಗೆ ಬ್ಯಾಡರಹಳ್ಳಿಯ ಮುನಿತಾಯಮ್ಮ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ನಮ್ಮ ಬೀದಿಗೂ ತರಕಾರಿ ಹೊತ್ತು ಬರುವವಳು, ನನ್ನ ಬಾಯಿಯ ಪರಿಚಯ ಚೆನ್ನಾಗಿದ್ದವಳು. ಐದು ಕಿಲೋ ಯಾಕೆ ಕೇಳಿದೆ ಎಂದರೆ, ಮಾನ ಹೋಗುವುದಾದರೆ ಒಂದೇ ಸಲ ಹೋಗಲಿ, ವಾರವಾರ ಹೋಗುವುದು ಬೇಡ ಎಂದು.

‘ನಾನೇ ಆರಿಸ್ಕೋತೀನಿ’ ಎಂದು ಕೂತೆ. ಬದನೆಕಾಯಿ ಆರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬೆಂಡೆಕಾಯಿ ತುದಿ ಮುರಿದು ನೋಡುತ್ತೇನೆ, ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ಈರುಳ್ಳಿಯನ್ನೂ ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ. ಬೆರಳಿನಲ್ಲಿ ತಟ್ಟಿದೆ. ಮುನಿತಾಯಮ್ಮ ನೋಡುತ್ತಾ ಇದ್ದಳು. ದಪ್ಪದಪ್ಪಗೆ ಮಿರಮಿರ ಮಿಂಚುವುದನ್ನು, ತುದಿಯಲ್ಲಿ ಹಸಿರು ಮೊಳಕೆ ಇಣುಕುತ್ತಿದ್ದುದನ್ನು ಹುಡುಕಿ ಹುಡುಕಿ ತೆಗೆದೆ. ಜೀವ ಇದೆ, ಅಂದರೆ ಹೊಸ ಮಾಲು ಎಂದು ನನ್ನ ಶಾಸ್ತ್ರ.

‘ಅವು ಬ್ಯಾಡ ಅಮ್ಮಾವ್ರೇ, ಕತ್ತು ಮೆತ್ತಗಾಗೈತೆ’ ಎಂದಳು. ‘ಈ ಸಣ್ಣವು ತಗಳ್ಳಿ. ಒಣಗವೆ. ಎರಡು ತಿಂಗ್ಳಾದ್ರೂ ಕೆಡಾಕಿಲ್ಲ.’

ಉಳಿದ ಪುಡಿ ಮಾಲನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾಳೆ ಎನ್ನಿಸಿತು. ‘ನನಗೆ ಹೇಳಿಕೊಡ್ತೀಯೇನಮ್ಮ? ನಿನ್ನ ವಯಸ್ಸಿನಷ್ಟು ವರ್ಷ ತರಕಾರಿ ಕೊಂಡಿದೀನಿ, ತೂಗು ಸುಮ್ಮನೆ’ ಎಂದೆ. ಅವಳು ತೂಗಿದಳು.

ಮೇಲೆ ಬಾಳೆಲೆ ಮುಚ್ಚಿಕೊಂಡು ಮನೆಗೆ ತಂದೆ. ಇನ್ನು ಅದನ್ನು ಒಳಗೆ ಇಡುವುದು ಹೇಗೆ? ನಮ್ಮಲ್ಲಿ ಪೇಟೆಯಿಂದ ಬಂದದ್ದು ಏನೇ ಇರಲಿ, ನೀರು ಕಾಣದೆ ಒಳಗೆ ಬರುವುದಿಲ್ಲ. ಹುಣಿಸೆಹಣ್ಣು, ಬೆಲ್ಲ ಬಿಟ್ಟರೆ ಎಲ್ಲಕ್ಕೂ ಸ್ನಾನ. ಮಾಮೂಲಿ ತರಕಾರಿಗೆ ಒಂದು ಸ್ನಾನವಾದರೆ ಈರುಳ್ಳಿಗೆ ಮೂರಾದರೂ ಬೇಡವೇ? ಹಿತ್ತಿಲ ನಲ್ಲಿಯ ಕೆಳಗೆ ಮೂರು ಸಲ ತೊಳೆದೆ. ಸಮಾಧಾನವಾಗದೆ ಒಂದು ಬಕೆಟ್ ಅರಿಶಿನದ ನೀರಿನಲ್ಲಿ ಅರ್ಧ ಗಂಟೆ ನೆನೆಸಿದೆ. ಅಡುಗೆಮನೆಗೆ ತರುವಂತಿಲ್ಲ, ದೇವರ ಮನೆಯ ಮಾತೇ ಇಲ್ಲ. ಹಾಗಾಗಿ ಬಿದಿರು ಬುಟ್ಟಿಯಲ್ಲಿ ತುಂಬಿ ಬಚ್ಚಲಲ್ಲಿ, ನೀರು ಕಾಯಿಸುವ ಹಂಡೆಯ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟೆ. ಬಾಡಿಹೋಗಬಾರದಲ್ಲ, ಅದಕ್ಕೆ ವೀಳ್ಯದೆಲೆಗೆ ಹೊದಿಸುವ ಹಾಗೆ ಒದ್ದೆ ಬಟ್ಟೆ ಹೊದಿಸಿದೆ. ದಿನಾ ಬೆಳಿಗ್ಗೆ ಕತ್ತಲಲ್ಲೇ ಎದ್ದು, ನೋಡದೆ ಮಾಡದೆ, ಬಟ್ಟೆಯ ಮೇಲೆ ಒಂದು ಚೊಂಬು ನೀರು ಚಿಮುಕಿಸುತ್ತಿದ್ದೆ. ಅಷ್ಟು ಆರೈಕೆ ನನ್ನ ಮಗನಿಗೂ ಮಾಡಿರಲಿಲ್ಲ.

ಮಾರನೆಯ ದಿನವೇ ಮಾಡಿಬಿಡಬೇಕೆಂದಿದ್ದೆ. ಮಾರನೆಯ ದಿನ ಗುರುವಾರ, ರಾಯರ ವಾರ. ಶುಕ್ರವಾರ ಲಕ್ಷ್ಮಿಯ ವಾರ. ಶನಿವಾರ ವೆಂಕಟರಮಣನದು. ಭಾನುವಾರ ಇಬ್ಬರೂ ಮನೆಯಲ್ಲಿರುತ್ತಾರೆ, ಗುಟ್ಟು ರಟ್ಟಾಗುತ್ತದೆ. ಸೋಮವಾರ ಏಕಾದಶಿ, ಮಂಗಳವಾರ ದ್ವಾದಶಿ. ಬುಧವಾರ ಯಾವ ದೇವರೂ ಅಡ್ಡ ಬರಲಿಲ್ಲ, ಆದರೆ ನೆಂಟರೊಬ್ಬರು ಮಠದ ಮಂತ್ರಾಕ್ಷತೆ ಕೊಡಲು ಬಂದು ಸಂಜೆಯವರೆಗೂ ಕೂತರು. ಮತ್ತೆ ಗುರುವಾರ. ಪಂಚಾಂಗದಲ್ಲಿ ಈರುಳ್ಳಿ ಹೆಚ್ಚುವುದಕ್ಕೆ ಮುಹೂರ್ತವೇ ಇರಲಿಲ್ಲ. ನಿಜ ಹೇಳಬೇಕೆಂದರೆ ಪಂಚಾಂಗ ಬರೀ ನೆಪ. ನನಗೆ ಧೈರ್ಯವಿರಲಿಲ್ಲ. ಸತ್ತ ಅತ್ತೆ ಗೋಡೆಯ ಫೋಟೋದಿಂದ ನೋಡುತ್ತಿದ್ದಾರೆ ಎನ್ನಿಸುತ್ತಿತ್ತು.

ಅಷ್ಟರಲ್ಲಿ ಮನೆಯಲ್ಲಿ ವಾಸನೆ ಶುರುವಾಯಿತು. ಮೊದಲು ಬಚ್ಚಲಲ್ಲಿ, ಆಮೇಲೆ ಹಜಾರದಲ್ಲಿ. ಇಲಿ ಸತ್ತಿದೆ ಎಂದು ನಾಣಿ ಹೇಳಿದ. ನಾನೂ ಹೌದೆಂದೆ. ಕೊಳೆತ ಈರುಳ್ಳಿ ಹೇಗೆ ನಾರುತ್ತದೆ ಎಂದು ನನಗೆ ಯಾವ ಜನ್ಮದಲ್ಲಿ ಗೊತ್ತು? ಮಂಚ ಸರಿಸಿದೆವು, ಅಕ್ಕಿ ಡಬ್ಬ ಇಳಿಸಿದೆವು, ನಾಣಿ ಏಣಿ ಹಾಕಿ ಅಟ್ಟ ಹತ್ತಿದ. ಹಂಡೆಯ ಹಿಂದೆ ಮಾತ್ರ ನಾನೇ ನೋಡಿದೀನಿ ಎಂದು ಅವನನ್ನು ಬಿಡಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ, ನಮಗೆ ಆ ಇಲಿಯೂ ಸಿಗಲಿಲ್ಲ. ಜಯದೇವಿ ಮೂಗಿಗೆ ಸೆರಗು ಒತ್ತಿಕೊಂಡು ಕೂತಿರುತ್ತಿದ್ದಳು. ಮೊದಲು ದಿನಕ್ಕೆ ಎರಡು ಸಲ ಆಗುತ್ತಿದ್ದ ವಾಂತಿ ಈಗ ಆರು ಸಲವಾಯಿತು. ಆಫೀಸಿಗೆ ರಜೆ ಹಾಕಿದಳು. ಶುಕ್ರವಾರ ನೀರು ಕುಡಿದರೂ ನಿಲ್ಲಲಿಲ್ಲ. ನಾಣಿ ಮರುದಿನ ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತಂದಿಟ್ಟ.

ಶನಿವಾರ ಬೆಳಿಗ್ಗೆ ಅವನು ಅರ್ಧ ದಿನದ ಕೆಲಸ ಮುಗಿಸಿ ಬರುತ್ತೇನೆಂದು ಹೋದ. ಒಳಕೋಣೆಯಲ್ಲಿ ಅವಳು ಮಲಗಿದ್ದಳು, ಪಕ್ಕದಲ್ಲಿ ಕಟ್ಟಿಟ್ಟ ಚೀಲ. ವೆಂಕಟರಮಣ, ನಿನ್ನ ವಾರವಾದರೂ ಸರಿ, ಇವತ್ತು ತಪ್ಪು ನನ್ನ ತಲೆಗೆ ಹಾಕು ಎಂದು ಕೈಮುಗಿದು ಬಚ್ಚಲಿಗೆ ಹೋಗಿ ಬಟ್ಟೆ ಎತ್ತಿದೆ.

ಗುಂಗಾಡಿ ನೊಣಗಳ ಹಿಂಡು ಮುಖಕ್ಕೆ ಎದ್ದಿತು. ಬುಟ್ಟಿಯ ಮೇಲ್ಭಾಗದಲ್ಲಿ ಗೇಣುದ್ದದ ಹಸಿರು ಮೊಳಕೆ. ಕೆಳಗೆ ಎಲ್ಲವೂ ಕರಗಿ, ಕಪ್ಪು ಲೋಳೆಯಾಗಿ, ಬಿದಿರಿನ ಸಂದಿಯಿಂದ ನೆಲಕ್ಕೆ ಇಳಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಆ ಕ್ಷಣ ಹೊಳೆದದ್ದು ಒಂದೇ, ಮುನಿತಾಯಮ್ಮ ಮೋಸ ಮಾಡಿದಳು. ಅವಳ ಗ್ರಹಚಾರಕ್ಕೆ ಬೀದಿಯಲ್ಲಿ ‘ಸೊಪ್ಪೋ’ ಎಂಬ ಅವಳ ಕೂಗೂ ಕೇಳಿಸಿತು. ಬುಟ್ಟಿಯನ್ನು ದೂರ ಹಿಡಿದುಕೊಂಡು ಗೇಟಿಗೆ ಹೋದೆ.

‘ಏನಮ್ಮ ಇದು? ಕೊಳೆತದ್ದನ್ನ ಕೊಟ್ಟು ಕಳಿಸ್ತೀಯಾ? ಇನ್ನು ಈ ಬೀದಿಗೆ ಕಾಲಿಟ್ಟರೆ ನೋಡು’ ಎಂದು ಶುರುಮಾಡಿದೆ. ನನ್ನ ಗಂಟಲು ಹರಿಕಥೆಗೆ ಹೇಳಿ ಮಾಡಿಸಿದ್ದು. ಎದುರುಮನೆಯವರು ಬಂದರು, ಪಕ್ಕದವರು ಬಂದರು, ಹಾಲಿನವನು ಸೈಕಲ್ ನಿಲ್ಲಿಸಿದ.

ಮುನಿತಾಯಮ್ಮ ತನ್ನ ಬುಟ್ಟಿ ಇಳಿಸಿ, ನನ್ನ ಬುಟ್ಟಿಯಿಂದ ಒಂದು ಮೊಳಕೆ ಹಿಡಿದು ಎತ್ತಿ ನೋಡಿದಳು. ‘ನೀರು ಹಾಕಿದ್ರಾ ಅಮ್ಮಾವ್ರೇ?’ ಎಂದಳು.

‘ಹಾಕದೆ? ಮೂರು ಸಲ ತೊಳೆದು, ಅರಿಶಿನದ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆ ಹೊದಿಸಿ, ಹಂಡೆ ಹಿಂದೆ ಜೋಪಾನವಾಗಿ ಇಟ್ಟಿದೀನಿ. ದಿನಾ ನೀರು ಚಿಮುಕಿಸಿದೀನಿ. ಇದಕ್ಕಿಂತ ಇನ್ನೇನು ಮಾಡ್ಬೇಕಿತ್ತು?’

‘ಬಾಣಂತಿ ಮಗೀಗೆ ಮಾಡ್ದಂಗೆ ಮಾಡವ್ರೆ’ ಎಂದಳು ಅವಳು, ಸುತ್ತ ನಿಂತವರಿಗೆ. ‘ಈರುಳ್ಳಿಗೆ ನೀರು ತೋರ್ಸಿ, ಬಚ್ಚಲ ಕಾವಲ್ಲಿ ಮಡಗಿದ್ರೆ ಮೊಳಕೆ ಬರ್ದೆ ಇನ್ನೇನ್ ಬಂದಾತು. ಸೀಮೇಲಿಲ್ದಿದ್ ಕೆಲ್ಸ.’

ಎಲ್ಲರೂ ನಕ್ಕರು. ಹಾಲಿನವನೂ ನಕ್ಕ. ಎದುರುಮನೆಯಾಕೆ ಮಾತ್ರ ನಗದೆ, ಕಣ್ಣರಳಿಸಿ, ‘ಪುಟ್ಟಲಕ್ಷ್ಮಮ್ಮನವರೇ, ನಿಮ್ಮನೇಲಿ ಈರುಳ್ಳಿ ಯಾರಿಗೆ?’ ಎಂದರು.

ಸುಳ್ಳು ಹೇಳಬಹುದಿತ್ತು. ಮೂರ್ನಾಲ್ಕು ಸುಳ್ಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಸಿಟ್ಟಿನಲ್ಲಿದ್ದೆ. ಸಿಟ್ಟು ಬಂದರೆ ನನ್ನ ಬಾಯಿಂದ ನಿಜ ಬಿದ್ದುಬಿಡುತ್ತದೆ. ‘ನನ್ನ ಸೊಸೆಗೆ’ ಎಂದೆ. ‘ಅವಳು ಬಸುರಿ. ತಿಂದದ್ದು ಒಂದೂ ನಿಲ್ತಿಲ್ಲ. ಇವತ್ತು ಮಧ್ಯಾಹ್ನ ಹೊರಟುಹೋಗ್ತಾಳೆ, ಇನ್ನು ಈ ಮನೆಗೆ ಬರೋದಿಲ್ಲ. ಈರುಳ್ಳಿ ಮಾಡಿಹಾಕಿದ್ರೆ ತಿಂದಾಳು, ತಿಂದ್ರೆ ಉಳಿದಾಳು ಅಂತ ತಂದೆ. ಅದೂ ನನ್ನ ಕೈಲಿ ಆಗ್ಲಿಲ್ಲ.’ ಅಷ್ಟು ಜನರೆದುರು, ಕೊಳೆತ ಬುಟ್ಟಿ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ. ಅದಕ್ಕಿಂತ ದೊಡ್ಡ ಪ್ರದರ್ಶನ ನಮ್ಮ ಬೀದಿಯಲ್ಲಿ ಆಮೇಲೂ ಆಗಿಲ್ಲ.

ತಿರುಗಿ ನೋಡಿದರೆ ಜಯದೇವಿ ಬಾಗಿಲಲ್ಲಿ ನಿಂತಿದ್ದಳು.

ಮೆಲ್ಲಗೆ ಮೆಟ್ಟಿಲಿಳಿದು ಬಂದು ಬುಟ್ಟಿ ನೋಡಿದಳು. ‘ಅತ್ತೆ, ಇದು ಬಚ್ಚಲಲ್ಲಿತ್ತಾ?’

‘ಹ್ಞೂ.’

‘ಎಷ್ಟು ದಿನದಿಂದ?’

‘ಹತ್ತು ದಿನ.’

‘ನಾಲ್ಕೈದು ದಿನದಿಂದ ನನಗೆ ಕೊಳೆತ ಈರುಳ್ಳಿ ವಾಸನೆ ಬರ್ತಿತ್ತು’ ಎಂದಳು. ‘ಈ ಮನೇಲಿ ಈರುಳ್ಳಿ ಎಲ್ಲಿಂದ ಬರುತ್ತೆ, ಬಸುರಲ್ಲಿ ನನಗೇ ಏನೋ ಭ್ರಮೆ ಹಿಡಿದಿದೆ ಅಂದ್ಕೊಂಡೆ. ಇವರಿಗೂ ಹೇಳ್ಲಿಲ್ಲ, ಹುಚ್ಚು ಅಂತಾರೆ ಅಂತ. ಬಚ್ಚಲಿಗೆ ಹೋದ್ರೆ ಸಾಕು ಹೊಟ್ಟೆ ತೊಳಸಿ ಬರೋದು.’

ಅಂದರೆ ಅವಳಿಗೆ ತಿನ್ನಿಸಲು ತಂದ ಈರುಳ್ಳಿಯೇ ಅವಳು ತಿಂದದ್ದನ್ನೆಲ್ಲ ಕಕ್ಕಿಸಿತ್ತು. ಮನೆ ಬಿಡಬೇಡ ಎಂದು ಮಾಡಿದ ಉಪಾಯವೇ ಅವಳ ಚೀಲ ಕಟ್ಟಿಸಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ನನ್ನ ಮುಖ ನೋಡಿದಳು, ಮೊಳಕೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ನಿಲ್ಲಲಾಗದೆ ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬುಟ್ಟಿ ತಿಪ್ಪೆಗೆ ಹೋಯಿತು. ಬಚ್ಚಲಿಗೆ ನಾಲ್ಕು ಹಂಡೆ ನೀರು ಸುರಿದೆ. ಮುನಿತಾಯಮ್ಮ, ನಾನು ಅಷ್ಟು ಬೈದಿದ್ದರೂ, ತನ್ನ ಬುಟ್ಟಿಯ ತಳದಿಂದ ಸಣ್ಣ ಈರುಳ್ಳಿ ಬಾಚಿ ಮೆಟ್ಟಿಲ ಮೇಲೆ ಸುರಿದಳು. ನಾನು ತಪ್ಪಾಯಿತು ಎಂದೆ. ‘ಇರ್ಲಿ ಬಿಡಿ ಅಮ್ಮಾವ್ರೇ, ತೊಳೀಬ್ಯಾಡಿ ಮತ್ತೆ’ ಎಂದಳು. ಜಯದೇವಿ ಒಂದೊಂದನ್ನೇ ಕೈಗೆ ತಗೊಂಡು ಕತ್ತು ಒತ್ತಿ ನೋಡಿದಳು. ಗಟ್ಟಿಯಾಗಿರಬೇಕು, ಮೇಲಿನ ಸಿಪ್ಪೆ ಒಣಗಿ ಸರಸರ ಅನ್ನಬೇಕು, ಗಾಳಿಯಾಡುವ ಕಡೆ ಗೋಣಿತಾಟಿನ ಮೇಲೆ ಹರಡಬೇಕು ಎಂದು ಹೇಳಿದಳು. ನಾನು ಒಂದನೇ ಕ್ಲಾಸಿನ ಹುಡುಗಿಯ ಹಾಗೆ ತಲೆಯಾಡಿಸಿದೆ.

‘ಬಾ, ಹೇಗೆ ಮಾಡೋದು ತೋರಿಸು’ ಎಂದು ಅಡುಗೆಮನೆಗೆ ನಡೆದೆ. ಅವಳು ಹೊಸಲಿನ ಆಚೆಯೇ ನಿಂತಳು.

‘ಒಳಗಾ?’

‘ಮತ್ತೆ, ಬೀದೀಲಿ ಒಲೆ ಹೂಡಲಾ? ಇನ್ನು ಬೀದಿಯವರು ನೋಡೋದು ಏನು ಉಳಿದಿದೆ’ ಎಂದು ಕೈ ಹಿಡಿದು ಎಳೆದುಕೊಂಡೆ.

ಈಳಿಗೆ ಮಣೆಯ ಮುಂದೆ ನಾನೇ ಕೂತೆ. ಸಿಪ್ಪೆ ಸುಲಿಯುವ ಮೊದಲೇ ಅಭ್ಯಾಸಬಲದಿಂದ ಈರುಳ್ಳಿಯನ್ನು ನೀರಿಗೆ ಹಾಕಹೋದೆ, ಅವಳು ಕೈ ಹಿಡಿದಳು. ಸುಲಿದ ಮೇಲೆ, ‘ಈಗ ಬೇಕಾದ್ರೆ ತೊಳೀರಿ, ಎಷ್ಟು ಸಲ ಬೇಕೋ ಅಷ್ಟು’ ಎಂದಳು. ನಾಲ್ಕು ಹೆಚ್ಚುವಷ್ಟರಲ್ಲಿ ಕಣ್ಣು ಮೂಗು ಒಂದಾಗಿ ನನಗೆ ಮಣೆಯೇ ಕಾಣಲಿಲ್ಲ. ಉಳಿದದ್ದನ್ನು ಅವಳು ಹೆಚ್ಚಿದಳು. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ. ಈರುಳ್ಳಿ ಕೆಂಪಗೆ ಹುರಿದು, ಮೇಲೆ ಕಡಲೆಹಿಟ್ಟು ಉದುರಿಸಿ ಕೈಯಾಡಿಸಿದಳು. ವಾಸನೆ ಮನೆಯೆಲ್ಲ ತುಂಬಿತು. ಸುಳ್ಳೇಕೆ, ನನ್ನ ಬಾಯಲ್ಲೂ ನೀರೂರಿತು. ಅತ್ತೆಯ ಫೋಟೋ ಕಡೆಗೆ ನಾನು ನೋಡಲಿಲ್ಲ.

ಬಿಸಿ ಅನ್ನ ಹಾಕಿದ ತಟ್ಟೆ ಹಿಡಿದು ರೂಢಿಯಂತೆ ನಡುಮನೆಗೆ ಹೊರಟೆ. ‘ಅತ್ತೆ’ ಎಂದಳು ಅವಳು. ಬಾಣಲೆಯನ್ನು ಒಲೆಯಿಂದ ಇಳಿಸಿದಳು. ಆಮೇಲೆ, ‘ನೀವೂ ಕೂತ್ಕೊಳ್ಳಿ. ಈರುಳ್ಳಿ ತಿನ್ಬೇಡಿ, ಮೊಸರನ್ನ ಹಾಕ್ಕೊಳ್ಳಿ. ನನಗೆ ಒಬ್ಬಳೇ ಕೂತು ಉಣ್ಣೋಕೆ ಆಗ್ತಿಲ್ಲ. ನಮ್ಮನೇಲಿ ಒಂಬತ್ತು ಜನ ಒಟ್ಟಿಗೆ ಕೂರ್ತಿದ್ವಿ. ಇಲ್ಲಿ ಒಬ್ಬಳೇ ಕೂತು, ಮೇಲೆ ನೀವು ನಿಂತು ನೋಡ್ತಿದ್ರೆ, ತುತ್ತು ಗಂಟಲಲ್ಲೇ ನಿಲ್ಲೋದು. ಬಸುರಿ ಆದ್ಮೇಲಲ್ಲ, ಮೊದಲಿಂದಲೂ’ ಎಂದಳು.

ಸಾರು ಚೆನ್ನಾಗಿತ್ತು ಅತ್ತೆ ಎನ್ನುತ್ತಿದ್ದ ಹುಡುಗಿ ಒಂದು ವರ್ಷ ನುಂಗಿದ್ದು ಏನನ್ನು ಎಂದು ಆಗ ಗೊತ್ತಾಯಿತು. ನಾಚಿಕೆಯಾಯಿತು. ಎರಡು ಮಣೆ ಹಾಕಿದೆ, ಎದುರುಬದುರಾಗಿ, ಒಲೆಯ ಹತ್ತಿರವೇ. ನಾನು ಮೊಸರನ್ನ ಕಲಸಿಕೊಂಡು ಕೂತೆ.

ಅವಳು ಮೊದಲ ತುತ್ತು ಬಾಯಿಗಿಟ್ಟಳು. ಅಷ್ಟರಲ್ಲಿ ನಾಣಿ ಬಂದ. ಕೋಣೆಯಿಂದ ಚೀಲ ಎತ್ತಿಕೊಂಡು ಹುಡುಕುತ್ತಾ ಬಂದು, ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತುಬಿಟ್ಟ. ನಾನೂ ಅವನೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಎರಡನೇ ತುತ್ತು ಇಳಿಯಿತು. ಮೂರನೆಯದಕ್ಕೆ ಅವಳು ಕಣ್ಣು ಮುಚ್ಚಿಕೊಂಡಾಗ ನಾನು ಅರ್ಧ ಎದ್ದೇಬಿಟ್ಟೆ. ಅವಳು ಏಳಲಿಲ್ಲ. ತಟ್ಟೆ ಖಾಲಿಯಾಯಿತು.

‘ಇನ್ನೊಂದ್ ಸ್ವಲ್ಪ ಪಲ್ಯ ಹಾಕ್ತೀರಾ ಅತ್ತೆ?’

ನನ್ನ ಬಲಗೈ ಎಂಜಲು. ನನ್ನ ಐವತ್ತೆರಡು ವರ್ಷದಲ್ಲಿ ನಾನು ಎಂಜಲು ಕೈಯಲ್ಲಿ ಪಾತ್ರೆಯ ಹತ್ತಿರ ಸುಳಿದವಳಲ್ಲ. ಎದ್ದು, ಹಿತ್ತಿಲಿಗೆ ಹೋಗಿ, ಕೈಕಾಲು ತೊಳೆದು ಬರಬೇಕು. ಅಷ್ಟರಲ್ಲಿ ಆ ಹಸಿವು ಇರುತ್ತದೋ, ಹೋಗಿಬಿಡುತ್ತದೋ ಎಂದು ಭಯವಾಯಿತು. ಕೂತಲ್ಲಿಂದಲೇ ಎಡಗೈ ಚಾಚಿ, ಬಾಣಲೆ ಎಳೆದುಕೊಂಡು, ಸೌಟಿನಲ್ಲಿ ತುಂಬಿ ಬಡಿಸಿದೆ.

ನಾಣಿ ಚೀಲ ಕೆಳಗಿಟ್ಟ. ಒಂದು ತಟ್ಟೆ ತಗೊಂಡು ಬಂದು ನಮ್ಮಿಬ್ಬರ ಮಧ್ಯೆ ಬರಿ ನೆಲದ ಮೇಲೆ ಕೂತು, ‘ನನಗೂ ಹಾಕಮ್ಮ’ ಎಂದ.